ನೋವಿಗೆ ಸರಿಯಾದ ಇಂಗ್ಲಿಷು

೧೧ ಜುಲೈ ೧೯೭೮, ಇಳಕಲ್
ಬೆಳಿಗ್ಗೆ ಚಹಾ, ಸಂಜೆ ಚಹಾ, ನಡುವೆ ನನ್ನಾಕೆ ನೀಲಾಬಾಯಿಯ ಹಾ ಹಾ ನರಳಾಟ. ಹೊಟ್ಟೆನೋವು. "ಗ್ಯಾಸ್ ರೀ" ಅಂತಾಳೆ. ಯುಗಾದಿಯಿಂದ ಅದೇ ಗ್ಯಾಸು, ಅದೇ ಓಮಿನಕಾಳು. ಶುಕ್ರವಾರ ಬಾಗಲಕೋಟೆಗೆ ಹೊರಟಿದ್ದೇವೆ. ದೊಡ್ಡ ಡಾಕ್ಟರು ಕೇರಳದವರು, ಕನ್ನಡ ಬಾರದಂತೆ. ನಾನೋ ಕನ್ನಡ ಮಾಧ್ಯಮದ ಬಿ.ಎ... ಬಸವಣ್ಣನೇ ಗತಿ.

೧೩ ಜುಲೈ
ಡಿಕ್ಷನರಿ ಹಿಡಿದು ಕುಳಿತೆ. ಪೇನ್, ಏಕ್, ಕ್ರ್ಯಾಂಪ್ — ಎಲ್ಲದರ ಎದುರಿಗೂ 'ನೋವು'. ಹಲ್ಲಿಗೆ ಏಕ್, ತಲೆಗೆ ಏಕ್, ಕಾಲಿಗೆ ಮಾತ್ರ ಪೇನ್. ಏಕೆ?
"ಉರೀತೈತೋ, ಹಿಂಡ್ತೈತೋ, ಚುಚ್ಚತೈತೋ?"
"ನಿಮ್ಮ ಪುಸ್ತಕದಾಗ ಯಾವುದೈತಿ ಹೇಳ್ರಿ, ಹೊಂದಿಸ್ಕೊಂತೇನಿ."
ನಗು ಬಂತು. ತಪ್ಪು ಶಬ್ದಕ್ಕೆ ತಪ್ಪು ಔಷಧ ಕೊಟ್ಟಾರು ಅನ್ನಿಸಿ ನಿಂತಿತು. ಮತ್ತೆ ಕೇಳಿದೆ.
"ಬಲಪಕ್ಕಡಿಯೊಳಗ ಹಸಿ ಅರಿವಿ ಹಿಂಡಿದಂಗ್ರಿ. ಭುಜದ ಮಟ ಏರತೈತಿ."
ಸ್ಕ್ವೀಝ್? ಅದು ನಿಂಬೆಹಣ್ಣಿಗೆ. ಪ್ರೆಸ್? ಅದು ಇಸ್ತ್ರಿಗೆ. ಟ್ವಿಸ್ಟ್ — ಇರಲಿ.

೧೪ ಜುಲೈ, ಬಾಗಲಕೋಟೆ
"ಟ್ವಿಸ್ಟಿಂಗ್ ಪೇನ್, ಸರ್. ನಾಟ್ ಬರ್ನಿಂಗ್." ಡಾಕ್ಟರು ತಲೆ ಎತ್ತಿದರು. ಬಲಪಕ್ಕೆ ಒತ್ತಿದರು. ನೀಲಾ ಚೀರಿದಳು — ಅದಕ್ಕೆ ಅನುವಾದ ಬೇಕಾಗಲಿಲ್ಲ. ಎಕ್ಸ್‌ರೇ. ಪಿತ್ತಕೋಶದಲ್ಲಿ ಹರಳು. ಮಂಗಳವಾರ ಆಪರೇಷನ್.
"ಮತ್ತ ಎಚ್ಚರ ಆಗ್ತೈತಲ್ರಿ ನನಗ?"
"ಆಗದ ಏನು ಮಾಡ್ತೈತಿ" ಅಂದೆ. ಹೊರಗೆ ಬಂದು ಕಂಬ ಹಿಡಿದು ನಿಂತೆ.

೧೮ ಜುಲೈ, ಸಂಜೆ
ಹರಳು ಹೊರಬಿತ್ತು. ನೀಲಾ ಕಣ್ಣು ಬಿಟ್ಟಳು. ಎರಡು ತಾಸು... ಮಾತಿಲ್ಲ.
ಎಚ್ಚರ ಇದೆಯೋ ಇಲ್ಲವೋ ನೋಡಲು ಕೇರಳದ ಸಿಸ್ಟರ್ ಬಗ್ಗಿ ಕೇಳಿದಳು: "ಗಂಡ ಹೆಸರು ಏನು?"
ಕೇಳಬಾರದ್ದನ್ನೇ ಕೇಳಿದಳು. ನಮ್ಮಲ್ಲಿ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದುಂಟೇ? ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿಯೇ ಹೇಳಬೇಕು. ತುಟಿ ಅಲುಗಿತು —
"ಹೋಳಿಗಿ ಮ್ಯಾಲ ಹನಿ ತುಪ್ಪ,
ಚಳಿಗೆ ಬೇಕು ಕೌದಿ ದಪ್ಪ,
ಹೊಟ್ಟಿ ನೋವು ನಂದು,
ಒದ್ದಾಡವರು ರಾಚಪ್ಪ."
ಸಿಸ್ಟರ್ ಗಾಬರಿ. "ಪೇಶೆಂಟ್ ಕನ್‌ಫ್ಯೂಸ್ಡ್?"
ಮದುವೆಯಲ್ಲಿ ಹೇಳಿದ ಒಡಪಲ್ಲ ಇದು. ಹೊಸದು! ಮಲಗಿದಲ್ಲೇ ಕಟ್ಟಿದ್ದು, ಪ್ರಾಸವೂ ತಪ್ಪಿಲ್ಲ.
"ನೋ, ಸಿಸ್ಟರ್. ಶಿ ಈಸ್..." ಓಕೆ? ಫೈನ್? ನಾರ್ಮಲ್? ಯಾವುದೂ ಸಾಲದು.
"ಶಿ ಈಸ್ ಮೈ ವೈಫ್" ಅಂದುಬಿಟ್ಟೆ.
ಸಿಸ್ಟರ್ ನಕ್ಕು ಹೋದಳು. ನೀಲಾ ಆಗಿನಿಂದ ಕೇಳುತ್ತಲೇ ಇದ್ದಾಳೆ, "ಆಕಿಗೇನಂದ್ರಿ? ಹೇಳ್ರಲಾ." ವಾರ್ಡಿನ ತುಂಬ ಜನ. ಇವರೆಲ್ಲರ ಮುಂದೆ ಅದನ್ನು ಕನ್ನಡದಲ್ಲಿ ಹೇಗೆ —