ಪೆಟ್ಟಿಗೆಯೊಳಗಿನ ಉಸಿರು

ಅಪ್ಪಾ,

ಇವತ್ತು ನಿಮ್ಮ ಚಾಳಿಯಿಂದ ಲ್ಯಾಬಿನಲ್ಲಿ ಬೈಸಿಕೊಂಡೆ. ಅಂಗಡಿಯಲ್ಲಿ ಕನ್ನಡಕದ ಗಾಜಿಗೆ ನೀವು 'ಹಾ' ಎಂದು ಉಸಿರು ಬಿಟ್ಟು ಒರೆಸುತ್ತಿದ್ದಿರಲ್ಲ, ಹಾಗೇ ನಾನೂ ಪ್ರೋಟೀನ್ ಮಾದರಿ ಇಟ್ಟ ಬಿಲ್ಲೆಯ ಹೊರಮೈಯನ್ನು ಯಂತ್ರದ ಪೆಟ್ಟಿಗೆಯೊಳಗೇ ಒರೆಸಿ ಮುಚ್ಚಿಬಿಟ್ಟೆ. ನಾವು ಬಳಸುವ ಟೆರಾಹರ್ಟ್ಸ್ ಎಂಬ ಕಾಣದ ಬೆಳಕಿಗೆ ತೇವವೆಂದರೆ ಆಗದು. ಅದಕ್ಕೇ ಒಳಗೆ ಒಣಗಾಳಿ ತುಂಬಿರುತ್ತೇವೆ.

ಪರದೆಯ ಮೇಲಿನ ಗೆರೆಯಲ್ಲಿ ಸಾಲುಸಾಲು ಗುಳಿ ಬಿದ್ದವು.

"ಒಳಗೆ ಯಾರಮ್ಮಾ ಉಸಿರು ಬಿಟ್ಟಿದ್ದು?" ಎಂದರು ಗೈಡ್.

ನಾನು ಆ ಗುಳಿಗಳನ್ನೇ ನೋಡುತ್ತಿದ್ದೆ. ಒಂದೇ ಒಂದು ಉಸಿರು, ಅದರ ನೀರಿನ ಅಣುಗಳು ಗಿರಗಿರನೆ ತಿರುಗುತ್ತಾ ಬೆಳಕನ್ನು ಕುಡಿದ ಗುರುತು! ಬಿಟ್ಟ ಮೇಲೂ ಉಸಿರು ಎಲ್ಲೂ ಹೋಗಿರಲಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಹಾಗೇ ಇತ್ತು.

ನೀವು ಹೋದ ದಿನ ನಿಮ್ಮ ಕೋಣೆಯ ಕಿಟಕಿಗಳನ್ನೆಲ್ಲ ತೆರೆದವಳು ನಾನೇ.