ವಾರಿಜಾ ಮೀರಜಿಗೆ ಬರುವ ಮುಂಚೆ

॥ ಶ್ರೀ ॥
ಸವಣೂರು
ಏಪ್ರಿಲ್ ೨೦, ೧೯೮೨

ನನ್ನ ಮುದ್ದಿನ ಶಾಮಲಾ,

ನಿನ್ನನ್ನೂ ಅಳಿಯಂದಿರನ್ನೂ ಕೂಸು ಪ್ರಹ್ಲಾದನನ್ನೂ ಹರಿವಾಯುಗಳು ಕಾಯಲಿ. ನಿನ್ನ ಕಾರ್ಡು ಬಂದು ಹದಿನೈದು ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡ. ಬರೆಯಲು ಕೂತಾಗಲೆಲ್ಲ ನಿನ್ನ ಒಂದು ಸಾಲಿನ ಹತ್ತಿರ ಕೈ ನಿಂತುಬಿಡುತ್ತಿತ್ತು. "ನನ್ನಲ್ಲಿ ಇಲ್ಲದ ಯೋಗ್ಯತೆ ತಂಗಿಯಲ್ಲಿದೆ, ದೇವರು ಸರಿಯಾದವಳನ್ನೇ ಆರಿಸಿದ" ಎಂದು ಬರೆದಿದ್ದೀ. ಅದರ ಮಾತು ಕೊನೆಗೆ. ಮೊದಲು ಇಲ್ಲಿಯ ಗದ್ದಲ ಕೇಳು.

ನಿನ್ನ ತಂಗಿ ವಾರಿಜಾಳ ಹೆಸರಿಗೆ ತಾರು ಬಂದದ್ದು ಯುಗಾದಿಯ ಮರುದಿನ. ನಾನು ಮಡಿಯಲ್ಲಿ ಅಡಿಗೆಗೆ ನಿಂತಿದ್ದೆ. ಟಪಾಲಿನ ಅಕ್ಬರಸಾಬ ನಿನಗೆ ನೆನಪಿರಬೇಕಲ್ಲ? ಶಿಗ್ಗಾಂವಿಗೆ ಬದಲಿಯಾಗಿ ಹೋದವನು ಈ ವರ್ಷ ಮತ್ತೆ ನಮ್ಮ ಊರಿಗೇ ಬಂದಿದ್ದಾನೆ. "ಮಡಿಯೊಳಗಿದ್ದೀನಪಾ, ಬಾಗಿಲದ ಗೂಡಿನಾಗ ಇಟ್ಟು ಹೋಗು" ಎಂದೆ.

"ಇಲ್ರಿ ಬಾಯಾರ, ಈ ಸಲ ಗೂಡಿನಾಗ ಇಡಂಗಿಲ್ಲ. ಕೈಯಾಗ ಕೊಟ್ಟ ಹೋಗ್ತೇನಿ. ನೀವು ಬೇಕಾದ್ರ ಮತ್ತ ಜಳಕ ಮಾಡ್ರಿ."

ಇಸಿದುಕೊಂಡೆ. ಓದಿ ಹೇಳಿದವನೂ ಅವನೇ. ದೇಶದ ಕಿರಿಯ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದಲ್ಲಿ ನಮ್ಮ ವಾರಿಜಾ! ಒಲೆಯ ಮೇಲಿನ ಸಾರು ಉಕ್ಕಿ ಹೋಯಿತು. ನಾನು ಆ ದಿನ ಎರಡು ಸಲ ಜಳಕ ಮಾಡಿದೆ, ಮೂರು ಸಲ ಅತ್ತೆ.

ಸುದ್ದಿ ಕೇಳಿ ನಿನ್ನ ಅಜ್ಜಿ ಗದ್ದಲ ಎಬ್ಬಿಸಿದರು. "ಹೊರದೇಶಕ್ಕ ಹೋಗ್ತಾಳಂತ. ಸಮುದ್ರ ದಾಟಬಾರದು ಅನ್ನೋದು ನಿಮಗ್ಯಾರಿಗೂ ನೆನಪಿಲ್ಲೇನು?"

ವಾರಿಜಾ ಅವರ ಕಾಲ ಬಳಿ ಕೂತು, "ಅಜ್ಜಿ, ಮತ್ತ ನಮ್ಮ ಹನುಮಪ್ಪ ದಾಟಿದ್ದ ಹೆಂಗ?" ಎಂದಳು.

"ಅಂವ ಹಾರಿ ಹೋದನವಾ."

"ನಾನೂ ವಿಮಾನದಾಗ ಹಾರೇ ಹೋಗಾಕಿ."

ಅಜ್ಜಿ ಜಪಮಣಿ ತಿರುಗಿಸುತ್ತ, "ಹಂಗಾದ್ರ ಹೋಗಿ ಬಾ. ಅವನಂಗ ಊರಿಗೆ ಬೆಂಕಿ ಹಚ್ಚಿ ಬರಬ್ಯಾಡ" ಎಂದರು. ನಿಮ್ಮ ತಂದೆ ನಕ್ಕದ್ದು ಬೀದಿಗೆಲ್ಲ ಕೇಳಿಸಿತು.

ಮೊನ್ನೆ ಶಾಲೆಯ ಬಯಲಿನಲ್ಲಿ ಅವಳಿಗೆ ಸತ್ಕಾರ ಮಾಡಿದರು. ಆಟದ ಮಾಸ್ತರರಾದ ಸಿರಾಜುದ್ದೀನರು ತಮ್ಮ ಹಳೆಯ ನೋಟುಬುಕ್ಕು ತಂದಿದ್ದರು. ಈ ಕಿರಿಯರ ತಂಡ ಯಾವ ವರ್ಷ ಎಲ್ಲಿ ಆಡಿತು, ಯಾವ ಊರಿನ ಹುಡುಗಿಯರು ಹೋದರು ಎಂದು ಪೇಪರಿನ ತುಂಡು ಅಂಟಿಸಿ ಇಟ್ಟಿದ್ದಾರೆ. ಒಂದೊಂದೇ ಪುಟ ಓದಿದರು. ಇಲ್ಲಿ ಸೋಲು, ಅಲ್ಲಿ ಸೋಲು, ಇನ್ನೊಂದು ಕಡೆ ಎರಡೇ ಅಂಕದಿಂದ ಸೋಲು. ಹಿಂದೆ ಕೂತಿದ್ದ ನಮ್ಮ ಹೊಲದ ನೀಲಪ್ಪನಿಗೆ ತಡೆಯಲಾಗಲಿಲ್ಲ.

"ಗೆದ್ದದ್ದು ಯಾವಾಗ್ರಿ ಸರ?"

"ಈ ವರ್ಷ. ಅದಕ್ಕಽ ಪುಟ ಖಾಲಿ ಬಿಟ್ಟೇನಿ" ಎಂದರು ಮಾಸ್ತರರು. ಎಂಥ ಚಪ್ಪಾಳೆ ಅಂತೀ!

ಆಮೇಲೆ ನಮ್ಮ ಊರ ತಂಡದ ಕಥೆ ಬಂತು. ಕಮ್ಮಾರನ ಕಡೆಯಿಂದ ಕಬ್ಬಿಣದ ಬಳೆ ಮಾಡಿಸಿದ್ದು, ರಾಶಿಯ ಕಾಲಕ್ಕೆ ಎತ್ತಿನ ಬಾಯಿಗೆ ಕಟ್ಟುವ ಬಲೆ ಎರಡನ್ನು ನೀಲಪ್ಪ ಬಿಚ್ಚಿ ಒಂದು ಮಾಡಿ ಅದಕ್ಕೆ ಕಟ್ಟಿದ್ದು. ಬಲೆಯ ತಳ ಬಿಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನೀನು ಹಾಕಿದ ಮೊದಲ ಚೆಂಡು ಮೇಲೇ ಕೂತುಬಿಟ್ಟಿತು! ಪ್ರತಿ ಸಲ ಅವನೇ ಕಂಬ ಹತ್ತಿ ತೆಗೆದುಕೊಡುತ್ತಿದ್ದ. ಮೂರನೆಯ ದಿನ, "ತಳಾ ಕೊಯ್ಯೂಣ್ರಿ ಸರ, ಈ ಹುಡುಗಿ ಒಂದೂ ತಪ್ಪವಲ್ಲದು, ನನ್ನ ಮೊಣಕಾಲು ಹೋದ್ವು" ಅಂದನಂತೆ. ಆ ಹುಡುಗಿ ನೀನು. ಹಿರೇಕೆರೂರಿನವರ ಮೇಲೆ ನೀನೊಬ್ಬಳೇ ಹನ್ನೊಂದು ಸಲ ಚೆಂಡು ಹಾಕಿದ್ದನ್ನೂ ಮಾಸ್ತರರು ಹೇಳಿದರು.

ವಾರಿಜಾ ಮೈಕಿನ ಮುಂದೆ ನಿಂತು ಒಂದೇ ಮಾತು ಹೇಳಿದಳು. "ನನಗ ಆಟಾ ಕಲಿಸಿದಾಕಿ ನಮ್ಮಕ್ಕ. ಅಕಿನ್ನ ಬಿಟ್ಟು ಆರಿಸಿದವರಿಗೆ ಕಣ್ಣಿದ್ದಿಲ್ಲ." ಎಲ್ಲರೂ ನಕ್ಕರು. ನನಗೆ ಆಗಲಿಲ್ಲ.

ಮೇ ಎರಡರ ರಾತ್ರಿ ಯಲವಿಗಿಯಲ್ಲಿ ರೈಲು ಹತ್ತುತ್ತಾಳೆ. ಪುಣೆಯ ಶಿಬಿರ ಮುಗಿಸಿ ಅಲ್ಲಿಂದಲೇ ಹೊರದೇಶ. ಮಾರನೆಯ ದಿನ ನಿಮ್ಮ ಮೀರಜಿನಲ್ಲಿ ಗಾಡಿ ಬದಲಿಸಬೇಕಲ್ಲ, ಅಕ್ಕನನ್ನು ನೋಡಬೇಕೆಂದು ಕುಣಿಯುತ್ತಿದ್ದಾಳೆ. ಬುತ್ತಿಗೆ ಹಚ್ಚಿದ ಅವಲಕ್ಕಿ, ಮಾವಿನಕಾಯಿಯ ಗುಳಂಬ ಕಟ್ಟುತ್ತೇನೆ. ನಿನ್ನ ಪಾಲು ಬೇರೆ ಡಬ್ಬಿಯಲ್ಲಿರುತ್ತದೆ. ನೀನು ಮದುವೆಗೆ ಮುಂಚೆ ಕೊಟ್ಟುಬಿಟ್ಟ ಆಟದ ಬೂಟುಗಳನ್ನು ಅವಳು ಹರಿದರೂ ಎಸೆದಿಲ್ಲ, ಸಂಗಡ ಒಯ್ಯುತ್ತಾಳಂತೆ.

ನಿನ್ನ ಮಡಿಲು ಸದಾ ತುಂಬಿರಲಿ, ಮಗಳೇ. ಕೂಸಿಗೆ ನನ್ನ ಮುದ್ದು.

ನಿನ್ನ ಅವ್ವ,
ಯಮುನಾಬಾಯಿ

ತಾ.ಕ.: ಇದರೊಳಗೆ ಇನ್ನೊಂದು ಲಕೋಟೆ ಇದೆ. ಅದು ನಿನ್ನದು. ಎಪ್ಪತ್ತಾರರಲ್ಲಿ ಸತ್ಯಬೋಧರ ಆರಾಧನೆಯ ದಿನ ಬಂದದ್ದು. ಆಗಲೂ ನಾನು ಮಡಿಯಲ್ಲಿದ್ದೆ, ಅಕ್ಬರಸಾಬ ಗೂಡಿನಲ್ಲಿ ಇಟ್ಟು ಹೋದ. ಮೇಲೆ ನಿನ್ನ ಹೆಸರಿದೆ, ಆಟದವರ ಕಡೆಯದು ಎಂದು ಅವನೇ ಕೂಗಿ ಹೇಳಿದ್ದ. ನಿನ್ನನ್ನು ನೋಡಲು ಮೀರಜಿನವರು ಬರುವುದಕ್ಕೆ ಎಂಟು ದಿನವಿತ್ತು. ಮಡಿ ಬಿಟ್ಟ ಮೇಲೆ ಕೊಟ್ಟರಾಯಿತು ಎಂದುಕೊಂಡೆ. ಮಡಿ ಆ ದಿನ ಸಂಜೆಗೇ ಮುಗಿದಿತ್ತು, ಶಾಮಲಾ. ಅದನ್ನು ಒಡೆಯದೆ ದೇವರ ಪೆಟ್ಟಿಗೆಯ ತಳದಲ್ಲಿ ಇಟ್ಟೆ. ನೀನು ತಿಂಗಳುಗಟ್ಟಲೆ ಟಪಾಲಿನ ದಾರಿ ನೋಡಿದೆ. ನೀನು ಕೇಳೋಣವೆಂದರೆ ಅಕ್ಬರಸಾಬ ಆ ವಾರವೇ ಶಿಗ್ಗಾಂವಿಗೆ ಹೋಗಿದ್ದ. ಮಾಸ್ತರರು ಮನೆಗೆ ಬಂದು ಕೇಳಿದಾಗ, ಏನೂ ಬಂದಿಲ್ಲ ಎಂದವಳು ನಾನು. "ಆಯ್ಕೆ ಆಗ್ಲಿಲ್ಲವಾ, ಇನ್ನ ಮದುವಿ ಮಾಡಿಬಿಡ್ರಿ" ಎಂದು ನೀನೇ ಹೇಳಿದಾಗ, ದೇವರ ಇಚ್ಛೆ ಎಂದವಳೂ ನಾನೇ. ಆರು ವರ್ಷ ಅದೇ ಪೆಟ್ಟಿಗೆಯಿಂದ ದೇವರನ್ನು ತೆಗೆದು ಪೂಜೆಗೆ ಇಟ್ಟಿದ್ದೇನೆ.

ಸತ್ಕಾರದ ಮರುದಿನ ಮಾಸ್ತರರ ಮನೆಗೆ ಹೋಗಿ ಲಕೋಟೆ ಕೊಟ್ಟೆ, ಇಂಗ್ಲಿಷು ನನಗೆ ಬಾರದಲ್ಲ. ಒಡೆದು ಓದಿದರು. "ಶಿಬಿರಕ್ಕ ಕರೆದಿದ್ದರ್ರಿ ಬಾಯಾರ. ಇಡೀ ಜಿಲ್ಲಾದಾಗ ಅಕಿ ಒಬ್ಬಾಕಿನ್ನ." ಬಯ್ಯಲಿಲ್ಲ. ನೋಟುಬುಕ್ಕು ತೆಗೆದು ಎಪ್ಪತ್ತಾರರ ಪುಟದಲ್ಲಿ ನಿನ್ನ ಹೆಸರಿನ ಮುಂದಿದ್ದ 'ಆಯ್ಕೆಯಾಗಲಿಲ್ಲ' ಎಂಬುದನ್ನು ಹೊಡೆದು, 'ಕರೆ ಬಂದಿತ್ತು' ಎಂದು ಬರೆದರು.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ಮೊದಲು ತಿಳಿಯಬೇಕಾದವಳು ನೀನು. ನನ್ನ ಮೇಲಿನ ಸಿಟ್ಟು ನನ್ನ ಮೇಲೆಯೇ ಇರಲಿ, ಸ್ಟೇಶನ್ನಿಗೆ ಮಾತ್ರ ತಪ್ಪದೆ ಹೋಗು. ಲಕೋಟೆಯನ್ನು ಸಂಗಡ ಒಯ್ಯಿ. ಆರಿಸಿದವರಿಗೆ ಕಣ್ಣಿತ್ತೆಂದು ವಾರಿಜಾಳಿಗೆ ನೀನೇ ಹೇಳು.