ಅಂಗಳ ಒಣಗಿತು, ಅವ್ವಾ

ಉಗಾರ ಖುರ್ದ
ಮಂಗಳವಾರ, ೨೮ ಅಕ್ಟೋಬರ್

ಪ್ರೀತಿಯ ಅತ್ತೆಯವರಿಗೆ... ಅಲ್ಲ, ನೀವು ಹೇಳಿಕೊಟ್ಟ ಹಾಗೆ, ಪ್ರೀತಿಯ ಅವ್ವಾ,

ನಮ್ಮ ಅಂಗಳ ಒಣಗಿತು! ನಿನ್ನೆ ಬೆಳಗ್ಗೆ ಒಂದು ತಾಸು ಹುಚ್ಚು ಮಳೆ ಸುರಿಯಿತು, ಊಟದ ಹೊತ್ತಿಗೆ ನೋಡಿದರೆ ಇಡೀ ಅಂಗಳ ಒಂದೇ ಬಣ್ಣ. ಒಂದು ಕಪ್ಪು ಕಲೆ ಇಲ್ಲ, ಒಂದು ಹಸಿರು ಗೆರೆ ಇಲ್ಲ! ನಾನು ಬರಿಗಾಲಲ್ಲಿ ಆ ಮೂಲೆಯಿಂದ ಈ ಮೂಲೆಗೆ ಓಡಿ, ಪಾದ ಎತ್ತೆತ್ತಿ ನೋಡಿಕೊಂಡೆ. ಮಾವ ಪೇಪರು ಕೆಳಗಿಟ್ಟು, "ಶ್ರೇಣಿಕಾ, ನಿನ್ನ ಹೇಂತಿಗೆ ಏನರ ಕಡದೈತೇನ ನೋಡಪಾ" ಎಂದರು. ಅಯ್ಯೋ, ಆರೋಗ್ಯವನ್ನೇ ಕೇಳದೆ ಶುರು ಮಾಡಿಬಿಟ್ಟೆ, ಸಾರಿ. ನಿಮ್ಮ ಮಂಡಿನೋವು ಹೇಗಿದೆ? ರೂಪಾಲಿ ಅಕ್ಕ ಎದ್ದು ಓಡಾಡುತ್ತಿದ್ದಾರಾ? ಪುಟ್ಟಿ ರಾತ್ರಿ ನಿದ್ದೆ ಮಾಡುತ್ತಾಳಾ, ಇಲ್ಲಾ ನಿಮ್ಮ ಹೆಗಲ ಮೇಲೇ ಇರುತ್ತಾಳಾ? ಬಾಣಂತಿ ಮಗಳಿಗೆ ದಿನಾ ಅಂಟಿನುಂಡಿ ಕಟ್ಟುತ್ತೀರಂತೆ, ಬೆರಳಿಗೆ ಹತ್ತಿದ ಬೆಲ್ಲವನ್ನೂ ನೆಕ್ಕದೆ ತೊಳೆದುಕೊಳ್ಳುತ್ತೀರಂತೆ. ಅಕ್ಕ ಹೇಳಿದರು. ಅದನ್ನು ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ನಗುತ್ತೀರಿ. ಫೋನಿನಲ್ಲಿ ನೀವು "ಹೂಂ, ಆತು, ಇಡ್ಲೇನ?" ಬಿಟ್ಟು ನಾಲ್ಕನೇ ಮಾತು ಆಡುವುದಿಲ್ಲವಲ್ಲ! ಅಕ್ಕ ಬೇರೆ ಸ್ಪೀಕರ್ ಹಾಕಿರುತ್ತಾರೆ. ನನ್ನ ಕನ್ನಡ ಇಂಗ್ಲಿಷ್ ಶಾಲೆಯದು, ತಪ್ಪುಗಳಿದ್ದರೆ ಪ್ರೀತಿಯಿಂದ ಓದಿಕೊಳ್ಳಿ.

ಆಗಸ್ಟಿನ ಆ ಗುರುವಾರ ನನ್ನ ಕಣ್ಣಿಂದ ಹೋಗುವುದೇ ಇಲ್ಲ. ಚಾತುರ್ಮಾಸಕ್ಕೆ ಬಸದಿಯಲ್ಲಿ ನಿಂತ ಮುನಿಗಳು ಆಹಾರಕ್ಕೆಂದು ನಮ್ಮ ಓಣಿಗೇ ಬಂದರು. ನೀವು ಕಳಶ, ಶ್ರೇಣಿಕ ತೆಂಗಿನಕಾಯಿ, ನಾನು ನಿಮ್ಮ ಬಿಳಿ ಸೀರೆ ಉಟ್ಟು ಪಕ್ಕದಲ್ಲಿ. "ನಮೋಸ್ತು, ನಮೋಸ್ತು" ಎನ್ನುತ್ತಾ ನೀವು ಗೇಟಿನ ಕಡೆಗೇ ನೋಡುತ್ತಿದ್ದಿರಿ. ಅವರು ನೆಲ ನೋಡುತ್ತಾ ನಮ್ಮ ಗೇಟಿನವರೆಗೆ ಬಂದರು, ನಿಂತರು, ಅಂಗಳ ನೋಡಿದರು, ತಿರುಗಿ ಎದುರುಮನೆಗೆ ಹೋದರು. ಹಿಂದಿನ ಸಂಜೆ ತಾನೇ ನೀವು ಒಂದೊಂದು ಫರಸಿ ಕಲ್ಲನ್ನೂ ಒಣಬಟ್ಟೆಯಿಂದ ಒರೆಸಿದ್ದಿರಿ. ಬೆಳಗಾದರೆ ಕಲ್ಲೆಲ್ಲ ಮತ್ತೆ ಒದ್ದೆ. ಹಸಿ ನೆಲದಲ್ಲಿ, ಪಾಚಿಯಲ್ಲಿ ಜೀವಗಳಿರುತ್ತವೆ, ಮುನಿಗಳು ಅವುಗಳನ್ನು ತುಳಿಯುವುದಿಲ್ಲ ಎಂದು ನೀವು ಆಮೇಲೆ ಬಿಡಿಸಿ ಹೇಳಿದಿರಿ. ನಿಪ್ಪಾಣಿಯ ಮೂರನೇ ಮಹಡಿಯಲ್ಲಿ ಬೆಳೆದ ನನಗೆ ಅಂಗಳವೆಂದರೇ ಗೊತ್ತಿರಲಿಲ್ಲ, ಇದೆಲ್ಲಿ ಗೊತ್ತಿರಬೇಕು? ನೀವು ಯಾರನ್ನೂ ಬೈಯಲಿಲ್ಲ. "ತಳದಿಂದ ನೀರ ಏರೇತಿ. ಮದಿವಿ ಬಂತಂತ ನಾನ ಅವಸರ ಮಾಡಿ ಹಾಸಿಸಿದೆ, ತಪ್ಪ ನಂದ" ಎಂದಿರಿ. ಮುನಿಗಳ ಆಹಾರ ಈ ಮನೆಯಲ್ಲಿ ಆಗುವವರೆಗೆ ಬೆಲ್ಲ ಮುಟ್ಟುವುದಿಲ್ಲ ಎಂದು ನಿಯಮ ತೆಗೆದುಕೊಂಡಿರಿ. ಸುತ್ತ ಕಬ್ಬೇ ಇರುವ ಊರಲ್ಲಿ! ಎಂಟು ದಿನಕ್ಕೆ ಅಕ್ಕನ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೊರಟುಹೋದಿರಿ.

ಸೆಪ್ಟೆಂಬರ್ ಕೊನೆಗೆ ನಾನು ಬಂದಗಿಸಾಬ ಚಾಚಾರನ್ನು ಕರೆಸಿದೆ. ಮದುವೆಗೆ ಮುಂಚೆ ಹಾಸಿದ ಗೌಂಡಿ ಅವರೇ ಅಲ್ಲವೇ? ಜಗಳಕ್ಕೆ ಮಾತೆಲ್ಲ ರೆಡಿ ಮಾಡಿಕೊಂಡಿದ್ದೆ. ಅವರು ಸುಮ್ಮನೆ ಹಾರೆ ಹಾಕಿ ಒಂದು ಫರಸಿ ಎತ್ತಿದರು. ಕೆಳಗೆ ಗಾರೆ ಹಾಸೇ ಇಲ್ಲ, ಅವ್ವಾ! ಮೂಲೆಗೊಂದು, ನಡುವೆ ಒಂದು, ಉಂಡಿಯ ಹಾಗೆ ಐದು ಮುದ್ದೆ. ಮುದ್ದೆಗಳ ನಡುವಿನ ಪೊಳ್ಳಿನಲ್ಲಿ ನೀರು. ಅದರಡಿಗೆ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಬೂದಿ. ಇಲ್ಲಿ ತಗ್ಗು ತುಂಬಲು ಎಲ್ಲರೂ ಅದನ್ನೇ ತರುತ್ತಾರಂತೆ. ಕೈಯಲ್ಲಿ ಹಿಂಡಿದೆ, ನೆನೆದ ಸ್ಪಂಜಿನ ಹಾಗೆ ನೀರು ಇಳಿಯಿತು. ಕಲ್ಲು ಅದನ್ನು ಕುಡಿಕುಡಿದು ಕಪ್ಪಾಗಿತ್ತು. ಚಾಚಾರ ಮುಖ ಸಣ್ಣದಾಯಿತು. "ನೋಡ್ರಿ ಸೊಸಿಬಾಯಿ, ಮೂರ ದಿನದಾಗ ಅಂಗಳ ಬೇಕಂದ್ರಿ, ಮೂರ ದಿನದ ಅಂಗಳ ಕೊಟ್ಟೇನಿ. ಈಗ ಒಂದ ತಿಂಗಳ ಕೊಡ್ರಿ, ಮೊಮ್ಮಕ್ಕಳ ಕಾಲದ ಅಂಗಳ ಕೊಡತೀನಿ" ಎಂದರು. ಮೊಮ್ಮಕ್ಕಳು ಎಂದಾಗ ಶ್ರೇಣಿಕ ನನ್ನ ಕಡೆ ನೋಡಿ ನಕ್ಕ, ನಾನು ಒಳಗೆ ಓಡಿದೆ.

ಎಲ್ಲ ಫರಸಿ ಎತ್ತಿಸಿದೆವು. ಕೆಳಗೆ ಎಷ್ಟು ಎರೆಹುಳು! ನೀವು ಇದ್ದಿದ್ದರೆ ಹೇಗೆ ಮಾಡುತ್ತಿದ್ದಿರೋ ಹಾಗೆಯೇ, ಒಂದೊಂದನ್ನೂ ಎಲೆಯ ಮೇಲೆ ಹತ್ತಿಸಿ ಹಿತ್ತಲಿನ ಬಾಳೆಯ ಬುಡಕ್ಕೆ ಬಿಟ್ಟೆ. ಅದರಲ್ಲೇ ಒಂದು ಇಡೀ ಬೆಳಗು ಹೋಯಿತು. "ಎಲ್ಲಾದಕ್ಕೂ ಆಧಾರ್ ಕಾರ್ಡ ಮಾಡಿಸಿ ಬಿಡ್ರಿ, ಮತ್ತ ಹೊಳ್ಳಿ ಬಂದಾವು" ಎಂದು ಚಾಚಾ ನನ್ನನ್ನು ಕಾಡಿದ್ದೇ ಕಾಡಿದ್ದು. ಬೂದಿ ಪೂರ್ತಿ ತೆಗೆದು ಗರಸು ಮಣ್ಣು ತುಂಬಿದರು, ನೀರು ಚಿಮುಕಿಸಿ, ಹಿಮ್ಮಡಿ ಊರಿದರೂ ಗುರುತು ಬೀಳದ ಹಾಗೆ ಗುದ್ದಿದರು. ಗೋಡೆಯಿಂದ ಗಟಾರದ ಕಡೆಗೆ ಒಂದು ಮಾರಿಗೆ ಒಂದೂವರೆ ಬೆರಳು ಇಳಿಜಾರು. ಅದನ್ನು ದಾರ ಕಟ್ಟಿ ಅಳೆದವಳು ನಾನು! ಈ ಸಲ ಮುದ್ದೆ ಇಲ್ಲ, ಕಲ್ಲಿನ ಉದ್ದಗಲಕ್ಕೂ ಗಾರೆ. ಪ್ರತಿ ಫರಸಿಯ ಬೆನ್ನು ತೊಳೆದು, ಸಿಮೆಂಟಿನ ತಿಳಿ ಬಳಿದು, ಆಮೇಲೆ ಕೂರಿಸುವುದು. ಬಳಿಯುವ ಕೆಲಸ ನನಗೇ ಕೊಟ್ಟಿದ್ದರು, ನನ್ನ ಮೆಹಂದಿ ಬಣ್ಣದ ಉಗುರುಗಳೆಲ್ಲ ಬೂದು. ಮರದ ಸುತ್ತಿಗೆಯಿಂದ ತಟ್ಟಿ ಕೇಳಬೇಕು, ಪೊಳ್ಳಿದ್ದರೆ ಖಾಲಿ ಕೊಡದ ಸದ್ದು. ಎರಡು ಕಲ್ಲು ಹಾಗೆ ಸದ್ದು ಮಾಡಿದವು, ಚಾಚಾ ಎತ್ತಿ ಮತ್ತೆ ಹಾಕಿದರು. ಕೊನೆಗೆ ಸಂದು ತುಂಬಿರಿ ಎಂದು ನಾನು ಅವಸರ ಮಾಡಿದೆ. "ಗಡಬಡಿ ಬ್ಯಾಡ್ರಿ. ಒಳಗಿನ ಹಸಿ ಮೊದಲ ಹೊರಗ ಹೋಗ್ಲಿ. ಈಗ ಮುಚ್ಚಿದ್ರ ನಾಳೆ ಕಲಿ ಆಗಿ ಮ್ಯಾಲ ಬರತೈತಿ" ಎಂದರು. ಒಂಬತ್ತು ದಿನ ಸಂದುಗಳು ಬಾಯಿ ತೆರೆದುಕೊಂಡೇ ಇದ್ದವು. ಒಂಬತ್ತು ದಿನವೂ ನನಗೆ ಆ ಮಾತೇ ತಲೆಯಲ್ಲಿ.

ಹಳೆಯ ಕಲೆ ಬಿಡದ ಆರು ಫರಸಿಗಳನ್ನು ಹಿತ್ತಲಿನ ಬಟ್ಟೆ ಒಗೆಯುವ ಜಾಗಕ್ಕೆ ಹಾಕಿಸಿದೆ. ಬಾಗಿಲ ಬಲಕ್ಕೆ, ನೀವು ಎಳೆಬಿಸಿಲಿಗೆ ಕೂತು ಜೋಳ ಹಸನು ಮಾಡುವಲ್ಲಿ, ಎಲ್ಲಕ್ಕಿಂತ ಸಪಾಟಾದ ಕಲ್ಲು ಇದೆ. ಅಲ್ಲಿ ಯಾರೂ ಕೂರುವುದಿಲ್ಲ. ಒಂದು ಸಂಜೆ ನಾನು ಕೂತೆ, ಮೊರ ತೊಡೆಯ ಮೇಲಿಟ್ಟುಕೊಂಡೆ. ನೀವು ಹಿಂದಿನಿಂದ ಬಂದು "ಕೂದಲಾ ನೋಡ ಹುಡಿಗಿ, ಗುಬ್ಬಿ ಗೂಡ ಆಗೇತಿ" ಎಂದು ಎಣ್ಣೆಬಟ್ಟಲು ತರುತ್ತೀರಿ ಅನ್ನಿಸಿತು. ಎದ್ದುಬಿಟ್ಟೆ. ನನ್ನ ಅಮ್ಮನಿಗೆ ಹೇಳಬೇಡಿ, ಮದುವೆಯಾಗಿ ಬಂದಾಗ ನಿಪ್ಪಾಣಿ ನೆನೆದು ಅತ್ತದ್ದಕ್ಕಿಂತ ಈಗ ಹುಬ್ಬಳ್ಳಿ ನೆನೆದು ಅಳುವುದೇ ಹೆಚ್ಚಾಗಿದೆ. ನಾವಿಬ್ಬರೂ ಒಂದೇ ಒಲೆಯ ಮುಂದೆ ಇದ್ದದ್ದು ಬರೀ ಮೂರು ತಿಂಗಳು, ನಿಮ್ಮ ರೊಟ್ಟಿ ತಟ್ಟುವ ಸದ್ದಿಲ್ಲದೆ ನನಗೆ ಬೆಳಗಾದ ಹಾಗೇ ಅನ್ನಿಸುವುದಿಲ್ಲ. ಶ್ರೇಣಿಕ ಒಳ್ಳೆಯವನು, ಚಿನ್ನದಂಥವನು, ಆದರೆ ರೊಟ್ಟಿ ಗುಂಡಗಾಯಿತಾ ಎಂದು ಕೇಳಿದರೆ ಯಾವಾಗಲೂ ಹೌದು ಅನ್ನುತ್ತಾನೆ!

ಮುನಿಗಳು ಹುಣ್ಣಿಮೆಯವರೆಗೆ ಬಸದಿಯಲ್ಲೇ ಇರುತ್ತಾರಂತೆ, ಮಾವ ವಿಚಾರಿಸಿ ಬಂದಿದ್ದಾರೆ. ರೂಪಾಲಿ ಅಕ್ಕನಿಗೆ ನನ್ನ ಅಪ್ಪುಗೆ, ಪುಟ್ಟಿಯ ಎರಡೂ ಅಂಗಾಲಿಗೆ ಒಂದೊಂದು ಮುತ್ತು. ನಿಮ್ಮ ಪಾದಕ್ಕೆ ತಲೆಯಿಟ್ಟು, ಹಾಗೇ ತಲೆಗೆ ಎಣ್ಣೆ ಹಚ್ಚಿರೆಂದು ಬೇಡುವ,

ನಿಮ್ಮ ಸೊಸೆ
ತ್ರಿಶಲಾ

ತಾ.ಕ.: ಅವ್ವಾ, ಇದನ್ನು ಹೇಳಲಿಕ್ಕೇ ಇಡೀ ಕಾಗದ ಬರೆದೆ. ಆ ಗುರುವಾರ ಅಂಗಳ ತಳದಿಂದ ಒದ್ದೆಯಾದದ್ದಲ್ಲ. ನೀವು ಜಳಕಕ್ಕೆ ಹೋದಾಗ ನಾಲ್ಕು ಕೊಡ ನೀರು ಸುರಿದು ತಿಕ್ಕಿದವಳು ನಾನು. ಕಲೆ ಹೋಗಿ ಫಳಫಳ ಹೊಳೆಯಲಿ, ನೀವು ನೋಡಿ ಖುಷಿಪಡಲಿ ಎಂದು. ನೀವು "ತಪ್ಪ ನಂದ" ಎಂದಾಗ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಅಂದಿನಿಂದ ನಾನೂ ಬೆಲ್ಲ ಮುಟ್ಟಿಲ್ಲ, ಹಲ್ಲುನೋವು ಎಂದು ಮನೆಯವರಿಗೆಲ್ಲ ಸುಳ್ಳು ಹೇಳಿದ್ದೇನೆ. ಬೈಯಿರಿ, ಎಷ್ಟು ಬೇಕಾದರೂ ಬೈಯಿರಿ, ಆದರೆ ನಮ್ಮ ಅಂಗಳದಲ್ಲಿ ನಿಂತು ಬೈಯಿರಿ. ಹುಣ್ಣಿಮೆಗೆ ಮುಂಚೆ ನಾವಿಬ್ಬರೂ ಜೊತೆಯಾಗಿ ಆ ಬಾಗಿಲಲ್ಲಿ ಕಳಶ ಹಿಡಿದು ನಿಲ್ಲಬೇಕು. ನಿಮ್ಮ ಚೀಲ ಕಟ್ಟಿಡಿ. ಕರೆದುಕೊಂಡು ಹೋಗಲು ನಾನೇ ಬರುತ್ತಿದ್ದೇನೆ: ಈ ಭಾನುವಾರ, ಮೀರಜ–ಹುಬ್ಬಳ್ಳಿ ಗಾಡಿಗೆ.